ಅಂಕಣ ಎಣಿಸಿ ವಾಡೆ ನೋಡಿ

ಬೆಂಗಳೂರಿನ ರಿಚ್ಮಂಡ್ ಟೌನಿನಲ್ಲಿ ವಿಕ್ಟೋರಿಯಾ ಕಾಲದ ಬಂಗಲೆಯೊಂದು ಉಳಿದಿದ್ದರೆ ಅದರ ಮಂಕಿಟಾಪ್ ಕಿಟಕಿಯ ಫೋಟೊ ತೆಗೆಯಲು ಜನ ಹುಡುಕಿಕೊಂಡು ಹೋಗುತ್ತಾರೆ. ಬೀದರ ಜಿಲ್ಲೆಯ ಚಿಂತಾಕಿ, ಔರಾದ, ಭಾಲ್ಕಿ ಕಡೆಯ ಪಾಟೀಲರ, ದೇಶಮುಖರ, ಕುಲಕರ್ಣಿಗಳ ವಾಡೆಗಳ ಕಡೆ ಯಾರೂ ಕತ್ತೆತ್ತುವುದಿಲ್ಲ. ಬೀದಿಯಿಂದ ಕಾಣುವುದು ಕಿಟಕಿಯಿಲ್ಲದ ದಪ್ಪ ಗೋಡೆ, ಒಂದು ದೊಡ್ಡ ಬಾಗಿಲು, ಅಷ್ಟೇ. ಬಂಗಲೆಯ ಮುಖ ಬೀದಿಗೆ, ವಾಡೆಯ ಮುಖ ಒಳಗಿನ ಅಂಗಳಕ್ಕೆ. ಹೊರಗೆ ನಿಂತು ನೋಡಿದರೆ ನೋಡಿದ ಹಾಗಲ್ಲ.

ಆದರೂ ಗೋಡೆಯ ಬಣ್ಣವನ್ನು ಹೊರಗಿನಿಂದಲೇ ಗಮನಿಸಿಕೊಳ್ಳಿ. ಬೀದರ ಊರು ಕೂತಿರುವುದು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಆ ಕೆಂಪು ಕಲ್ಲು ಅಗೆಯುವಾಗ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ದಿಬ್ಬ ಇಳಿದು ಎರೆಹೊಲಗಳ ಕಡೆ ಬಂದರೆ ಕರಿಕಲ್ಲು ಶುರು. ಜಂಬಿಟ್ಟಿಗೆಯ ಮೈತುಂಬ ತೂತು, ಸೂಕ್ಷ್ಮ ಕೆತ್ತನೆಗೆ ಒಗ್ಗುವುದಿಲ್ಲ. ಹಾಗಾಗಿ ಬೀದರದಲ್ಲಿ ಅಲಂಕಾರವೆಲ್ಲ ಗಚ್ಚಿಗೆ, ಬಣ್ಣದ ಹೆಂಚಿಗೆ, ಮರಕ್ಕೆ ಹೋಯಿತು. 1472ರ ಮಹಮೂದ್ ಗವಾನನ ಮದರಸಾದ ಮೈಮೇಲೆ ಉಳಿದಿರುವ ಹೆಂಚುಗಳನ್ನು ನೋಡಿದರೆ ಇದು ಗೊತ್ತಾಗುತ್ತದೆ.

ಮರಗೆಲಸಕ್ಕೆ ಕಣ್ಣು ಪಳಗಬೇಕೆಂದರೆ ಮೊದಲು ಬೀದರ ಕೋಟೆಯ ರಂಗೀನ್ ಮಹಲಿಗೆ ಹೋಗಿ. ಬೀಗ ಹಾಕಿದ್ದರೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ ತೆಗೆಸಿಕೊಳ್ಳಿ. ಹದಿನಾರನೆಯ ಶತಮಾನದಲ್ಲಿ ಅಲಿ ಬರೀದನ ಕಾಲಕ್ಕೆ ಈಗಿನ ರೂಪ ಪಡೆದ ಮಹಲು ಇದು. ಬಂದವರೆಲ್ಲ ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿಗೆ ಮರುಳಾಗುತ್ತಾರೆ. ನೀವು ಮರದ ಕಂಬಗಳ ಹತ್ತಿರ ನಿಲ್ಲಿ. ಕಂಬದ ತಲೆಯ ಮೇಲಿನ ಬೋದಿಗೆ ತೊಲೆಯ ಭಾರ ಹೊರಲು ಎರಡೂ ಮಗ್ಗಲಿಗೆ ಹೇಗೆ ಕೈ ಚಾಚಿದೆ ನೋಡಿ. ಹಳ್ಳಿಯ ಬಡಿಗ ಮುತ್ತಿನ ಚಿಪ್ಪು ಕೂರಿಸಲಾರ, ಆದರೆ ಬೋದಿಗೆಯ ಲೆಕ್ಕ ಅವನಿಗೂ ಅದೇ.

ಈಗ ವಾಡೆಯ ಪಡಸಾಲೆಗೆ ಬನ್ನಿ. ಎಷ್ಟು ಅಡಿ ಅಂತ ಅಳೆಯಬೇಡಿ, ಅಂಕಣ ಎಣಿಸಿ. ಕಂಬದಿಂದ ಕಂಬಕ್ಕೆ ಇರುವ ಜಾಗ ಒಂದು ಅಂಕಣ. ಮನೆ ಕಟ್ಟುವಾಗ ಬಡಿಗನ ಅಳತೆ ಇದು, ಅಣ್ಣತಮ್ಮಂದಿರು ಬೇರೆಯಾಗುವಾಗ ಹಿರಿಯರ ಅಳತೆಯೂ ಇದೇ. ಅಣ್ಣನಿಗೆ ನಾಲ್ಕು ಅಂಕಣ, ತಮ್ಮನಿಗೆ ಮೂರು ಅಂಕಣ ಮತ್ತು ಹಿತ್ತಲು ಎಂದು ವಾಟ್ನಿ ಆದರೆ, ನಡುವಿನ ಗೋಡೆ ಕಂಬದ ಸಾಲಿನ ಮೇಲೇ ಏಳುತ್ತದೆ. ಹಾಗಾಗಿ ಗೋಡೆಯಲ್ಲಿ ಅರ್ಧ ಹುದುಗಿದ ಕಂಬ ಕಂಡರೆ ಅಲ್ಲೇ ನಿಲ್ಲಿ. ಬೋದಿಗೆಯ ಒಂದು ಕೈ ಈ ಮನೆಯ ದೇವರ ಫೋಟೊಗಳ ಮೇಲೆ ಇರುತ್ತದೆ, ಇನ್ನೊಂದು ಕೈ ಆಚೆ ತಮ್ಮನ ಅಡುಗೆ ಹೊಗೆಗೆ ಕಪ್ಪಾಗಿರುತ್ತದೆ. ಕಲ್ಲು ತುಂಬಿ ಮುಚ್ಚಿದ ಬಾಗಿಲು, ಪಡಸಾಲೆಯಲ್ಲಿ ಹೊಸದಾಗಿ ಎದ್ದ ಒಲೆ, ಒಂದೇ ಅಂಗಳಕ್ಕೆ ಎರಡು ತುಳಸಿಕಟ್ಟೆ, ಇವೆಲ್ಲ ಅದೇ ಕಥೆಯ ಮುಂದಿನ ಪುಟಗಳು. ವಾಸ್ತುಶಿಲ್ಪ ಬೇರೆ, ಮಾಲೀಕತ್ವ ಬೇರೆ ಎಂದುಕೊಂಡು ಬಂದವರಿಗೆ ವಾಡೆ ಅರ್ಧವೇ ಕಾಣುತ್ತದೆ.

ತಲೆ ಎತ್ತಿದರೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಗೆ ತಂಪು, ನಿಜ. ಆದರೆ ಸೋರದಿರಲೆಂದು ಮಳೆಗಾಲಕ್ಕೆ ಮುಂಚೆ ಮತ್ತೆ ಮತ್ತೆ ಮಣ್ಣು ಹಾಕಿಸುತ್ತ ಹೋದರೆ ಮಾಳಿಗೆಯ ಭಾರ ತಲೆಮಾರಿನಿಂದ ತಲೆಮಾರಿಗೆ ಏರುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸುಮಾರು 10,000 ಜನ ಸತ್ತಿದ್ದು ಬಹುಪಾಲು ಇಂಥ ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆಗಳ ಕೆಳಗೇ. ಕಲ್ಲಿಗೆ ಕಲ್ಲು ಹಿಡಿಸಿದ್ದು ಬರೀ ಕೆಸರು. ಆದ್ದರಿಂದ ಮಾಳಿಗೆ ಇಳಿಸಿ ಪತ್ರಾಸು ಹಾಕಿಸಿದ ಮನೆಯವರನ್ನು ರಸಿಕತೆ ಇಲ್ಲದವರೆಂದು ಜರಿಯಬೇಡಿ. ಅದರ ಕೆಳಗೆ ಮಲಗುವವರು ಅವರು, ನೀವಲ್ಲ.

ಕಾಗದಪತ್ರ ಓದುವುದು ಇನ್ನೂ ರುಚಿಯ ಕೆಲಸ. ಮನೆ ಗಾವಠಾಣದಲ್ಲಿ, ಅಂದರೆ ಊರಿನ ವಸತಿ ಜಾಗದಲ್ಲಿ, ಇದ್ದರೆ ಪಹಣಿ ಹುಡುಕಿ ಪ್ರಯೋಜನವಿಲ್ಲ, ಅದು ಹೊಲಕ್ಕೆ. ಮನೆಗೆ ಪಂಚಾಯ್ತಿಯ ದಾಖಲೆ, ಮನೆಯವರ ಟ್ರಂಕಿನ ಕಾಗದ ಎರಡೇ ಗತಿ. ನಿಜಾಮರ ಕಾಲದ್ದು ಉರ್ದುವಿನಲ್ಲಿರುತ್ತದೆ, ಕುಲಕರ್ಣಿಗಳ ಕೈಬರಹ ಮೋಡಿ ಲಿಪಿಯಲ್ಲಿ. ಇಸವಿಯ ಜಾಗದಲ್ಲಿ ಫಸಲಿ 1358 ಎಂದಿದ್ದರೆ ಗಾಬರಿ ಬೇಡ, 590 ಕೂಡಿಸಿ: 1948–49. ಅದೇ ತಿರುವಿನ ಕಾಲ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಸಂಸ್ಥಾನದ ಮೇಲೆ ಪೊಲೀಸ್ ಕಾರ್ಯಾಚರಣೆ, ಮರುವರ್ಷ ಜಾಗೀರು ರದ್ದು, 1956ರ ನವೆಂಬರ್ 1ಕ್ಕೆ ಬೀದರ ಮೈಸೂರು ರಾಜ್ಯಕ್ಕೆ, 1961ರ ಕಾಯ್ದೆಯಿಂದ ಪಾಟೀಲಕಿ, ಕುಲಕರ್ಣಿಕಿಗಳಿಗೂ ಕೊನೆ. ಕಚೇರಿಯಂತೆ ನಡೆಯುತ್ತಿದ್ದ ಮುಂಗಡೆಯ ಪಡಸಾಲೆ ಜೋಳದ ಚೀಲಗಳ ಕೋಣೆಯಾಗಿದ್ದರೆ ಕಾರಣ ಇದೇ. 1994ರ ನಂತರದ ಕಾಗದಗಳಲ್ಲಿ ಹೆಣ್ಣುಮಕ್ಕಳ ಹಕ್ಕು ಬಿಡುಗಡೆ ಪತ್ರ ಇದೆಯೇ ನೋಡಿ. ಕರ್ನಾಟಕದಲ್ಲಿ ಪಿತ್ರಾರ್ಜಿತದ ಪಾಲು ಅವರಿಗೆ ಸಿಕ್ಕಿದ್ದು ಆ ವರ್ಷ. ಪಾಲು ಬಂದ ಮನೆಗಳಿಗಿಂತ ಸೀರೆ ಉಡಿಸಿ ಸಹಿ ಮಾಡಿಸಿಕೊಂಡ ಮನೆಗಳೇ ಹೆಚ್ಚೆಂದು ನನ್ನ ಅನುಮಾನ.

ಒಳಗೆ ಕಾಲಿಡುವ ಮುಂಚೆ ಕಟ್ಟೆಯ ಮೇಲೆ ಕೂತವರನ್ನು ಕೇಳಿ, “ಕಾಕಾ, ಮನಿ ಒಮ್ಮೆ ನೋಡ್ಲೇನ್ರಿ?” ಇದು ಯಾರ ಹೆಸರಲ್ಲಿದೆ ಎಂಬ ಪ್ರಶ್ನೆಯನ್ನು ಮಾತ್ರ ಮೊದಲೇ ಎತ್ತಬೇಡಿ. ಕೋರ್ಟಿನಲ್ಲಿ ಕೇಸು ನಡೆಯುತ್ತಿರಬಹುದು, ಇಲ್ಲವೇ ಹಳೆ ಬಾಗಿಲು, ಕಂಬ ಕೊಳ್ಳುವ ದಲ್ಲಾಳಿ ಎಂದು ನಿಮ್ಮ ಮೇಲೆ ಸಂಶಯಪಡಬಹುದು. ಹಳೆ ಕಂಬಗಳಿಗೆ ನಗರದ ಹೋಟೆಲು, ರೆಸಾರ್ಟುಗಳಲ್ಲಿ ಗಿರಾಕಿ ಇದ್ದಾರೆ. ಅಂಥ ಕಡೆ ಊಟಕ್ಕೆ ಕೂತಾಗ ಕಂಬದ ಒಂದೇ ಮಗ್ಗಲಿಗೆ ಉದ್ದಕ್ಕೂ ಸುಣ್ಣದ ಕಲೆ ಕಂಡರೆ, ಅದು ಅಣ್ಣತಮ್ಮಂದಿರ ಗೋಡೆಯಿಂದ ಕಿತ್ತು ತಂದದ್ದೇ ಇರಬೇಕು.