ವೇಷವಿಲ್ಲದ ಮುಖಗಳು

1863ರ ಡಿಸೆಂಬರಿನಲ್ಲಿ ಮಗಳು ಅಳಿಯ ಸೇರಿ ಒಂದು ಕ್ಯಾಮೆರಾ ಉಡುಗೊರೆ ಕೊಟ್ಟಾಗ ಜೂಲಿಯಾ ಮಾರ್ಗರೆಟ್ ಕ್ಯಾಮರನ್ ಅವರಿಗೆ 48 ವರ್ಷ. ಕಲ್ಕತ್ತೆಯಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಕೊನೆಗೆ ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ಫ್ರೆಶ್‌ವಾಟರ್ ಎಂಬ ಊರಿನಲ್ಲಿ ನೆಲೆಸಿದ್ದವರು. ಕೋಳಿಗೂಡನ್ನೇ ಸ್ಟುಡಿಯೊ ಮಾಡಿಕೊಂಡರು. ಕಲ್ಲಿದ್ದಲು ಪೇರಿಸಿಡುತ್ತಿದ್ದ ಕೋಣೆ ಫೋಟೊದ ಗಾಜಿನ ಫಲಕ ತೊಳೆಯುವ ಕತ್ತಲೆಕೋಣೆಯಾಯಿತು. ಗಂಡ, ಮೊಮ್ಮಗ, ಅಕ್ಕತಂಗಿಯರ ಮಕ್ಕಳು, ನೆರೆಹೊರೆಯವರು, ಮನೆಗೆಲಸದ ಹೆಣ್ಣುಮಕ್ಕಳು, ಯಾರು ಸಿಕ್ಕರೆ ಅವರನ್ನು ಎದುರಿಗೆ ಕೂರಿಸಿದರು. ಮನೆಯವರ ಫೋಟೊ ತೆಗೆಯಹೊರಟ ಹವ್ಯಾಸಿ ಎಲ್ಲಿ ಗೆಲ್ಲುತ್ತಾನೆ, ಎಲ್ಲಿ ಎಡವುತ್ತಾನೆ ಎಂಬುದು ಇವರ ಕೆಲಸದಲ್ಲಿ ಕಂಡಷ್ಟು ನಿಚ್ಚಳವಾಗಿ ನನಗೆ ಬೇರೆಲ್ಲೂ ಕಂಡಿಲ್ಲ.

ಮೊದಮೊದಲು ಎಲ್ಲವೂ ಕೈಕೊಟ್ಟಿತು. ಒಬ್ಬ ರೈತನನ್ನು ಕೂರಿಸಿ ತೆಗೆದ ಗಾಜಿನ ಫಲಕದ ಹಸಿ ಲೇಪದ ಮೇಲೆ ಕೈಯಾಡಿಸಿ ಚಿತ್ರವನ್ನೇ ಅಳಿಸಿಬಿಟ್ಟರು. ಆಗಿನದು ಕೊಲೋಡಿಯನ್ ವಿಧಾನ. ಗಾಜಿಗೆ ಅಂಟು ದ್ರಾವಣ ಹೊಯ್ದು, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಲೇಪ ಆರುವುದರೊಳಗೆ ಫೋಟೊ ತೆಗೆದು ತೊಳೆದು ಮುಗಿಸಬೇಕು. ಅವರ ಮಂದ ಬೆಳಕಿನಲ್ಲಿ, ದೊಡ್ಡ ಫಲಕದೆದುರು, ಕೂತವರು ನಿಮಿಷಗಟ್ಟಲೆ ಕದಲುವಂತಿರಲಿಲ್ಲ. ಇಬ್ಬರು ಮಕ್ಕಳನ್ನು ಜೊತೆಯಾಗಿ ಕೂರಿಸಿದರೆ ಅರ್ಧದಲ್ಲಿ ಒಂದು ಮಗು ಕಿಸಕ್ಕನೆ ನಕ್ಕಿತು, ಫಲಕ ಹಾಳು. ಆಮೇಲೆ ಒಂದೇ ಹುಡುಗಿಯನ್ನು ಉಳಿಸಿಕೊಂಡು, ನೀನು ಅಲುಗಾಡಿದರೆ ನನ್ನ ಔಷಧಿ, ನನ್ನ ಶ್ರಮ ಎರಡೂ ದಂಡವಾಗುತ್ತವೆ ಎಂದು ಅವಳ ಮನಸ್ಸು ಕರಗುವಂತೆ ಕೇಳಿಕೊಂಡರು. 1864ರ ಜನವರಿ 29ರ ಮಧ್ಯಾಹ್ನ ಒಂದು ಗಂಟೆಗೆ ತೆಗೆದ ಆ ಫೋಟೊವನ್ನು ತಾವೇ ಪ್ರಿಂಟ್ ಹಾಕಿ, ಫ್ರೇಮು ಕಟ್ಟಿ, ರಾತ್ರಿ ಎಂಟರೊಳಗೆ ಅವಳ ತಂದೆಗೆ ಮುಟ್ಟಿಸಿದರು. ತಮ್ಮ ಮೊದಲ ಯಶಸ್ಸು ಎಂದು ಅದರ ಮೇಲೆ ಬರೆದುಕೊಂಡರು.

ಹುಡುಗಿಯ ಹೆಸರು ಆನಿ ಫಿಲ್ಪಾಟ್. ಗುಂಡಿ ಹಾಕಿದ ಕೋಟು, ಭುಜಕ್ಕೆ ಇಳಿಬಿಟ್ಟ ಕೂದಲು, ನಗುವಿಲ್ಲದ ಮುಖ, ಬೇರೆಲ್ಲೋ ನೆಟ್ಟ ಕಣ್ಣು. ಅಂದಿನ ಸ್ಟುಡಿಯೊಗಳು ಅಂಗೈಯಗಲದ ಕಾರ್ಡಿನಲ್ಲಿ ಇಡೀ ಆಳನ್ನು ನಿಲ್ಲಿಸುತ್ತಿದ್ದವು. ಹಿಂದೆ ಪರದೆ, ಪಕ್ಕದಲ್ಲಿ ಕಂಬ, ತಲೆ ಅಲುಗದಂತೆ ಬೆನ್ನಹಿಂದೆ ಕಬ್ಬಿಣದ ಹಿಡಿಕೆ. ಅಲ್ಲಿ ಬಟ್ಟೆ ಕಾಣುತ್ತಿತ್ತು, ಅಂತಸ್ತು ಕಾಣುತ್ತಿತ್ತು. ಆನಿಯ ಫೋಟೊದಲ್ಲಿ ಚೌಕಟ್ಟು ತುಂಬ ಆ ಮಗುವೇ ಇದ್ದಾಳೆ. ಚೂರು ಮಸುಕಾದ ಆ ಮುಖದಲ್ಲಿ ಉಸಿರಾಟ ಇದೆ. ತಾಯಿಯಾದವಳು ಮಗುವಿನ ಮುಖವನ್ನು ಎಷ್ಟು ಹತ್ತಿರದಿಂದ ನೋಡುತ್ತಾಳೋ ಅಷ್ಟು ಹತ್ತಿರ ಕ್ಯಾಮೆರಾ ಹೋಗಿದೆ.

ಫೋಟೊಗ್ರಫಿ ಪತ್ರಿಕೆಗಳು ಅವರನ್ನು ಹಿಗ್ಗಾಮುಗ್ಗಾ ಟೀಕಿಸಿದವು. ಫೋಕಸ್ ಸರಿಯಿಲ್ಲ, ಫಲಕದ ಮೇಲೆ ಬೆರಳಚ್ಚು, ಗೀರು, ಧೂಳು. ದೂರು ಸುಳ್ಳಲ್ಲ. ಅವರ ಮೊದಲ ಲೆನ್ಸಿಗೆ ನಿಖರತೆ ಕಡಿಮೆ, ಫಲಕ ದೊಡ್ಡದು; ಕಣ್ಣು ಸ್ಪಷ್ಟವಾದರೆ ಕಿವಿ ಕರಗುತ್ತಿತ್ತು. ಆದರೆ ಫೋಕಸ್ ತಿರುಗಿಸುತ್ತಾ ಕಣ್ಣಿಗೆ ಚಂದ ಕಂಡ ಕಡೆ ನಿಲ್ಲಿಸುತ್ತಿದ್ದೆ, ಇನ್ನಷ್ಟು ಸ್ಪಷ್ಟವಾಗಲೆಂದು ಮುಂದೆ ತಿರುಗಿಸುತ್ತಿರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಆಕಸ್ಮಿಕವಾಗಿ ಒದಗಿದ್ದನ್ನು ಆಯ್ಕೆಯಾಗಿ ಮಾಡಿಕೊಳ್ಳುವುದಕ್ಕೆ ಎದೆಗಾರಿಕೆ ಬೇಕು. ಗೀರುಗಳ ವಿಷಯದಲ್ಲಿ ಮಾತ್ರ ನಾನು ಟೀಕಾಕಾರರ ಕಡೆ. ಅಲ್ಲಿ ಇದ್ದದ್ದು ಅವಸರ.

ನನ್ನ ನಿಜವಾದ ತಕರಾರು ಕೂತವರಿಗೆ ಅವರು ತೊಡಿಸಿದ ವೇಷದ ಬಗ್ಗೆ. ಗಂಡ ಚಾರ್ಲ್ಸ್ ಹೇ ಕ್ಯಾಮರನ್ ಸಾಧಾರಣ ಮನುಷ್ಯರಲ್ಲ. ಕಲ್ಕತ್ತೆಯಲ್ಲಿ ಮೆಕಾಲೆ ಜೊತೆ ಕಾನೂನು ಆಯೋಗದಲ್ಲಿದ್ದವರು, 2024ರವರೆಗೆ ಜಾರಿಯಲ್ಲಿದ್ದ ನಮ್ಮ ದಂಡಸಂಹಿತೆಯ ಕರಡಿನ ಹಿಂದೆ ದುಡಿದವರು. ಹೆಂಡತಿ ಅವರ ಬಿಳಿಗಡ್ಡ ಕಂಡು 1872ರಲ್ಲಿ ಲಿಯರ್ ರಾಜನನ್ನಾಗಿಸಿದರು, 1874ರಲ್ಲಿ ಕವಿ ಟೆನಿಸನ್ ಅವರ ಕಾವ್ಯಕ್ಕಾಗಿ ಮಾಂತ್ರಿಕ ಮರ್ಲಿನ್‌ನನ್ನಾಗಿಸಿದರು. ಆ ಚಿತ್ರಗಳಲ್ಲಿ ಗಡ್ಡವಿದೆ, ನಿಲುವಂಗಿಯಿದೆ, ಗಂಡ ಕಳೆದುಹೋಗಿದ್ದಾರೆ. ಮನೆಗೆಲಸದ ಮೇರಿ ಹಿಲಿಯರ್ ಮೇಲಿಂದ ಮೇಲೆ ಕನ್ಯೆ ಮೇರಿಯಾಗಿ ಕೂತಳು. ಒಂದೆರಡು ಚಿತ್ರಗಳಲ್ಲಿ ಮಾತ್ರ ಈ ನಾಟಕ ಫಲಿಸುತ್ತದೆ. 1865ರಲ್ಲಿ ಎರಡು ವರ್ಷದ ಮೊಮ್ಮಗ ಆರ್ಚಿ ನಿದ್ದೆಹೋಗಿದ್ದಾನೆ, ಹಿಲಿಯರ್ ಅವನ ಮೇಲೆ ಬಾಗಿದ್ದಾಳೆ. ಬಾಲಕ ಯೇಸುವಿನ ಪಾತ್ರ ತನ್ನದೆಂದು ಆ ಮಗುವಿಗೆ ಗೊತ್ತೇ ಇಲ್ಲ, ಆದ್ದರಿಂದಲೇ ಚಿತ್ರ ನಿಜವಾಗಿದೆ.

ಇದಕ್ಕೆ ಎದುರಾಗಿ 1867ರ ಜೂಲಿಯಾ ಜಾಕ್ಸನ್ ಫೋಟೊ ಇಟ್ಟು ನೋಡಬೇಕು. ಕ್ಯಾಮರನ್ ಅವರ ಸೋದರಿಯ ಮಗಳು, ಮದುವೆಗೆ ಕೆಲವೇ ದಿನಗಳಿದ್ದ ಹುಡುಗಿ, ಮುಂದೆ ಲೇಖಕಿ ವರ್ಜೀನಿಯಾ ವುಲ್ಫ್‌ಗೆ ತಾಯಿಯಾದವಳು. ಬೆಳಕು ಒಂದು ಪಕ್ಕದಿಂದ ಬಿದ್ದು ಅರ್ಧ ಮುಖ ಕತ್ತಲಲ್ಲಿ ಮುಳುಗಿದೆ, ಕತ್ತಿನ ನರ ಬಿಗಿದುಕೊಂಡಿದೆ, ನೋಟ ನೇರ ನಮ್ಮ ಮೇಲೆ. ಹೊರಿಸಿದ ಹೆಸರಿಲ್ಲ, ಕಥೆಯಿಲ್ಲ. ಚಿಕ್ಕಂದಿನಿಂದ ಕಂಡ ಹುಡುಗಿ ಒಮ್ಮೆಲೇ ಅಪರಿಚಿತ ಹೆಂಗಸಾಗಿ ಎದುರು ನಿಂತದ್ದನ್ನು ಕ್ಯಾಮರನ್ ನೋಡಿದರು, ನೋಡಿದ್ದನ್ನು ತಿದ್ದದೆ ಬಿಟ್ಟರು. ಅವರ ಎಲ್ಲ ಫೋಟೊಗಳಲ್ಲಿ ನನಗಿದು ಮಿಗಿಲು. ಆನಿಯ ಫೋಟೊದಲ್ಲಿ ಒಲಿದದ್ದು ಇಲ್ಲಿ ಪಕ್ವವಾಗಿದೆ.

1875ರಲ್ಲಿ ದಂಪತಿ ಸಿಲೋನಿಗೆ ಹೋದರು. ಅಲ್ಲಿ ಕ್ಯಾಮರನ್ ತೆಗೆದ ಫೋಟೊಗಳು ಕಡಿಮೆ. ಅಲ್ಲಿನ ಕಳುತರ ಎಂಬ ಊರಿನ ರೈತರ ಒಂದು ಫೋಟೊದಡಿ, ಹುಡುಗಿಗೆ ಹನ್ನೆರಡು ವರ್ಷ, ತಾನು ಅವಳ ಅಪ್ಪ ಎನ್ನುವ ಮುದುಕ ತನಗೆ ನೂರು ವರ್ಷ ಎನ್ನುತ್ತಾನೆ ಎಂದು ಬರೆದಿದ್ದಾರೆ. ಅದೂ ಒಂದು ಕುಟುಂಬದ ಫೋಟೊವೇ ಆಗಬಹುದಿತ್ತು. ಆನಿಯ ಹತ್ತಿರಕ್ಕೆ ಹೋದ ಕ್ಯಾಮೆರಾ ಇಲ್ಲಿ ಹಿಂದೆ ಸರಿದು ನಿಂತಿದೆ. ವಯಸ್ಸನ್ನು ಕೇಳಿ ಬರೆದುಕೊಂಡವರು ಅಪ್ಪ ಮಗಳ ಹೆಸರನ್ನು ಬರೆದಿಲ್ಲ.