ದಾಸೋಹದ ಖಡಕ್ ರೊಟ್ಟಿ

ಹರಿದಾಸ ಮಹಿಪತಿದಾಸರ ಊರು, ವಿಜಯಪುರ ಜಿಲ್ಲೆಯ ಕಾಖಂಡಕಿ ಇರುವುದು ಎರಿಭೂಮಿಯಲ್ಲಿ. ಹಿಂಗಾರಿ ಬಿಳಿಜೋಳ ಈ ನೆಲದ ಬೆಳೆ. ಈ ಸೀಮೆಯವರು ದಾನ ಮಾಡಲು ಹೊರಟರೆ ಮೊದಲು ನೆನಪಾಗುವುದು ಚೆಕ್ಕು, ನೋಟು ಅಲ್ಲ, ರೊಟ್ಟಿ.

ಎಸರು ಹಾಕಿ ನಾದಿದ ಜೋಳದ ಹಿಟ್ಟನ್ನು ಅಂಗೈಯಿಂದ ತೆಳ್ಳಗೆ ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ ಬೇಯಿಸುತ್ತಾರೆ. ಮೆತ್ತಗಿರುವಾಗ ಇಳಿಸಿದರೆ ಅದು ಮನೆಯವರ ಊಟಕ್ಕೆ. ದಾಸೋಹದ್ದಾದರೆ ನೀರಿನಂಶವೆಲ್ಲ ಆರಿ ಹಪ್ಪಳದಂತೆ ಗರಿಗರಿಯಾಗಬೇಕು. ಎಣ್ಣೆಯಿಲ್ಲ, ಪಸೆಯಿಲ್ಲ, ಆದ್ದರಿಂದ ವಾರಗಟ್ಟಲೆ ಬೂಸು ಹಿಡಿಯುವುದಿಲ್ಲ. ಫ್ರಿಜ್ ಬೇಡ, ಒಲೆ ಬೇಡ. ಸಂಕಟದ ದಿನಗಳಿಗೆ ಇದಕ್ಕಿಂತ ಜಾಣ ಆಹಾರ ನನಗೆ ಗೊತ್ತಿಲ್ಲ.

ಚರ್ಚಿನವರ ಸೇವಾಕಾರ್ಯ, ಗುರುದ್ವಾರದ ಲಂಗರ್ ಇದ್ದ ಹಾಗೆ ಇಲ್ಲಿ ಮಠದ ಭಕ್ತರ ದಾಸೋಹ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ಲಕ್ಷಗಟ್ಟಲೆ ರೊಟ್ಟಿ ಬರುತ್ತವೆ. ಬಡಿದ ಹೆಣ್ಣುಮಕ್ಕಳ ಹೆಸರು ಯಾವ ಫಲಕದಲ್ಲೂ ಇರುವುದಿಲ್ಲ. ಇದು ನನಗೆ ಸರಿಕಾಣುವುದಿಲ್ಲ, ಆ ಮಾತು ಬೇರೆ.

2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಉತ್ತರ ಕರ್ನಾಟಕದ ರೊಟ್ಟಿ ಅಲ್ಲಿಗೂ ಹೋಯಿತು. ಅಕ್ಕಿರೊಟ್ಟಿಯ ನಾಡಿನವರ ಹಲ್ಲಿಗೆ ಖಡಕ್ ರೊಟ್ಟಿ ಹೇಗೆ ಒಗ್ಗಿತೋ! ಮರುವರ್ಷ ಕೃಷ್ಣಾ, ಮಲಪ್ರಭಾ ಉಕ್ಕಿದಾಗ ನೆರೆಸಂತ್ರಸ್ತರ ಪಾಲಿಗೂ ಇದೇ ರೊಟ್ಟಿಯ ಗಂಟು ಬಂತು.

ಇನ್ನು ಮುಂದೆ ಪರಿಹಾರ ಸಾಮಗ್ರಿ ಕಳಿಸುವವರು ಬಿಸ್ಕತ್ತಿನ ಪೊಟ್ಟಣಗಳ ಜೊತೆ ಒಂದು ಗಂಟು ಖಡಕ್ ರೊಟ್ಟಿಯನ್ನೂ ಕಟ್ಟಿ. ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಮರೆಯಬೇಡಿ.