ಪೀಪಾಯಿಯ ತಗಡಿನಲ್ಲಿ ಪ್ರಾಣಿರೂಪ

ಗುಜರಿ ತಗಡಿನಿಂದ ಮಾಡಿದ ಹಕ್ಕಿ, ಹಲ್ಲಿ, ಮೀನುಗಳನ್ನು ಮೆಚ್ಚುವವರು ಸಾಮಾನ್ಯವಾಗಿ ಎರಡು ಮಾತುಗಳನ್ನಾಡುತ್ತಾರೆ. ಕಸದಿಂದ ರಸವಾಯಿತೆಂಬುದು ಒಂದು. ಮುಗ್ಧ ಕೈಗಳ ಸೃಷ್ಟಿಯೆಂಬುದು ಇನ್ನೊಂದು. ಮೊದಲನೆಯದು ಜಮಾಖರ್ಚಿನ ಪ್ರಶಂಸೆ. ದಿನವಿಡೀ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಬಾಳುವ ನನ್ನಂಥವನಿಗೆ ಅದು ರುಚಿಸಬೇಕಾಗಿತ್ತು. ಆದರೆ ಕಲಾಕೃತಿಯ ವಿಷಯವಾಗಿ ಅದು ಏನನ್ನೂ ಹೇಳುವುದಿಲ್ಲ. ಎರಡನೆಯದು ಸತ್ಯಕ್ಕೇ ದೂರವಾದುದು. ಕೆರಿಬಿಯನ್ ಸಮುದ್ರದ ಹೈಟಿ ದೇಶದಲ್ಲಿ ಕ್ರುವಾ-ದೆ-ಬುಕೆ ಎಂಬ ಊರಿನ ತಗಡಿನ ಶಿಲ್ಪವು ಇದಕ್ಕೆ ಒಳ್ಳೆಯ ನಿದರ್ಶನ.

ಈ ಸಂಪ್ರದಾಯದ ಮೂಲಪುರುಷನಾದ ಜಾರ್ಜ್ ಲಿಯೋತೋ (1899–1991) ವೃತ್ತಿಯಿಂದ ಕಮ್ಮಾರನು. ಊರಿನ ಸ್ಮಶಾನಕ್ಕೆ ಕಬ್ಬಿಣದ ಶಿಲುಬೆಗಳನ್ನು ಮಾಡಿಕೊಡುತ್ತಿದ್ದನು. 1944ರಲ್ಲಿ ರಾಜಧಾನಿಯಲ್ಲಿ ಕಲಾಕೇಂದ್ರವೊಂದನ್ನು ಸ್ಥಾಪಿಸಿದ್ದ ಡೆವಿಟ್ ಪೀಟರ್ಸ್ ಎಂಬ ಅಮೆರಿಕನ್ನನು 1953ರಲ್ಲಿ ಆ ಶಿಲುಬೆಗಳನ್ನು ಕಂಡು ಬೆರಗಾದನು. ಆಗ ಲಿಯೋತೋಗೆ ವಯಸ್ಸು ಐವತ್ತು ದಾಟಿತ್ತು. ವೋಡು ಪೂಜೆಯಲ್ಲಿ ಮುಸುಕಿನ ಜೋಳದ ಹಿಟ್ಟನ್ನು ಬೆರಳ ಸಂದಿನಿಂದ ಉದುರಿಸಿ ನೆಲದ ಮೇಲೆ ಬರೆಯುವ 'ವೆವೆ' ಎಂಬ ದೇವತಾಚಿಹ್ನೆಗಳ ಬಳುಕು ಆ ಶಿಲುಬೆಗಳಲ್ಲಿತ್ತು. ನಸುಕಿನಲ್ಲಿ ರಂಗವಲ್ಲಿಯಿಡುವ ಕೈಗಳನ್ನು ಕಂಡು ಬೆಳೆದ ನಮಗೆ, ಅಂಥ ರೇಖೆಯ ಹಿಂದೆ ಮುಗ್ಧತೆಗಿಂತ ಶಿಕ್ಷಣವೇ ಹೆಚ್ಚೆಂಬುದನ್ನು ವಿವರಿಸಬೇಕಾಗಿಲ್ಲ.

ಕೆಲಸದ ಕ್ರಮವನ್ನು ಅರಿಯದೆ ಕೃತಿಯನ್ನು ವಿಮರ್ಶಿಸಲಾಗದು. ಇನ್ನೂರು ಲೀಟರು ಹಿಡಿಯುವ ಎಣ್ಣೆಯ ಪೀಪಾಯಿಯ ಎರಡು ಮುಚ್ಚಳಗಳನ್ನೂ ಕತ್ತರಿಸಿ ತೆಗೆದು, ಒಳಗೆ ಒಣಹುಲ್ಲನ್ನೋ ಬಾಳೆಯೆಲೆಯನ್ನೋ ತುಂಬಿ ಬೆಂಕಿಯಿಡುತ್ತಾರೆ. ಜಿಡ್ಡು, ಬಣ್ಣ ಸುಟ್ಟುಹೋಗುತ್ತವೆ. ಬಳಿಕ ಒಂದು ಬದಿಯನ್ನು ಉದ್ದಕ್ಕೆ ಸೀಳಿ, ಬಡಿದು ಹಾಸಿದರೆ ಸುಮಾರು ಮೂರಡಿ ಅಗಲ, ಆರಡಿ ಉದ್ದದ ಹಾಳೆ ಸಿಕ್ಕುತ್ತದೆ. ಅದರ ಮೇಲೆ ಸೀಮೆಸುಣ್ಣದ ಗೆರೆ; ಗೆರೆಯ ಗುಂಟ ಉಳಿ, ಸುತ್ತಿಗೆ. ಒಂದೊಂದು ಪೆಟ್ಟಿಗೆ ಉಳಿ ಕಚ್ಚುವುದು ಸ್ವಲ್ಪವೇ; ಬಳುಕುವ ಬಾಲವೊಂದು ನೂರಾರು ಸಣ್ಣ ಕಡಿತಗಳ ಮೊತ್ತ. ಕಡಿದುದನ್ನು ಅಳಿಸುವಂತಿಲ್ಲ. ಇದಕ್ಕಿಂತ ಮುಖ್ಯವಾದ ನಿರ್ಬಂಧವೊಂದುಂಟು: ಒಂದೇ ಹಾಳೆಯ ಕೃತಿಯಲ್ಲಿ ಯಾವ ಭಾಗವೂ ಒಂಟಿಯಾಗಿ ನಿಲ್ಲಲಾರದು. ಕೊಕ್ಕು ಎಲೆಯನ್ನು ಮುಟ್ಟಬೇಕು, ಎಲೆ ರೆಕ್ಕೆಯನ್ನು ಹಿಡಿಯಬೇಕು; ಇಲ್ಲವಾದರೆ ತುಂಡು ಕಳಚಿ ಬೀಳುತ್ತದೆ. ಲಿಯೋತೋ ಕಡೆದ ಮತ್ಸ್ಯಕನ್ಯೆ 'ಲಾ ಸಿರೆನ್' ಸಮುದ್ರದ ದೇವತೆ. ಆಕೆಯ ಮೈ ಮೀನಾಗಿ ಮುಂದುವರಿಯುವುದು ಪುರಾಣದ ಅಗತ್ಯವೂ ಹೌದು, ತಗಡಿನ ಅಗತ್ಯವೂ ಹೌದು. ಒಂದು ಪ್ರಾಣಿ ಇನ್ನೊಂದಾಗುವ ಈ ಕಲ್ಪನೆಯನ್ನು ಅವನ ನಂತರದ ಮುರಾ ಬ್ರಿಯೇರ್ (1938–1988) ಬಹುದೂರ ಒಯ್ದನು. ನಮ್ಮ ತೊಗಲು ಗೊಂಬೆಯಲ್ಲಿಯೂ ಕೊರೆದ ರಂಧ್ರವೇ ಆಭರಣ. ಆದರೆ ಅಲ್ಲಿ ರಂಧ್ರದಿಂದ ದೀಪ ಇಣುಕುತ್ತದೆ, ಇಲ್ಲಿ ಬರಿಯ ಗೋಡೆ.

ತಗಡು ಗುಜರಿಯದಾಗಿರಲೇಬೇಕೆಂಬ ನಿಯಮವಿಲ್ಲ. ಲಿಯೋತೋಗಿಂತ ಒಂದು ವರ್ಷ ಹಿರಿಯನಾದ ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರನು 1909ರಲ್ಲಿ, ಹನ್ನೊಂದರ ಹುಡುಗನಾಗಿದ್ದಾಗ, ಹಿತ್ತಾಳೆ ತಗಡನ್ನು ಕತ್ತರಿಸಿ ಮಡಿಸಿ ನಾಯಿಯೊಂದನ್ನೂ ಬಾತುಕೋಳಿಯೊಂದನ್ನೂ ಮಾಡಿ ಕ್ರಿಸ್‌ಮಸ್ಸಿಗೆಂದು ತಂದೆತಾಯಿಗಳಿಗೆ ಕೊಟ್ಟನು. ಬಾತುಕೋಳಿಯನ್ನು ತಟ್ಟಿದರೆ ತೂಗಾಡುತ್ತದೆ. ಅವನು ಮಡಿಸಿ ನಿಲ್ಲಿಸಿದನು. ಇವನು ಹಾಸಿ ಕೊರೆದನು. ತಗಡು ಏನನ್ನು ಒಪ್ಪೀತು, ಏನನ್ನು ಒಲ್ಲದು ಎಂಬ ಅರಿವು ಇಬ್ಬರಲ್ಲಿಯೂ ಒಂದೇ.

ಮಾರುಕಟ್ಟೆಯ ಹಲ್ಲಿಗಳಲ್ಲಿ ನಾನು ಕಾಣದಿರುವುದು ಈ ಅರಿವನ್ನೇ. ನನ್ನ ಮೇಜಿನ ಮೇಲೆ ಮಿತ್ರರು ಕೊಟ್ಟ ಅಂಥದೊಂದಿದೆ: ಹಸಿರು ಬಣ್ಣ, ಸುರುಳಿ ಬಾಲ, ಬೆನ್ನಿನುದ್ದಕ್ಕೂ ಸಮಾಂತರವಾದ ತೂತುಗಳು. ಬಾಲದ ಸುರುಳಿಯನ್ನು ಕತ್ತರಿಸಿದರೂ ಅದು ಹಲ್ಲಿಯಾಗಿಯೇ ಉಳಿದೀತು. ಲಿಯೋತೋನ ಕೃತಿಯಲ್ಲಿ ಒಂದು ಎಲೆಯನ್ನು ತೆಗೆದರೆ ಹಕ್ಕಿಯೇ ಸಡಿಲವಾಗುತ್ತದೆ. ಹೀಗೆಂದು ಆ ಹಲ್ಲಿಯನ್ನು ಕೊರೆದವನನ್ನು ಹಳಿಯಲು ನನಗೆ ಮನಸ್ಸಿಲ್ಲ. 2010ರ ಜನವರಿಯ ಭೂಕಂಪದಲ್ಲಿ ಪೀಟರ್ಸನ ಕಲಾಕೇಂದ್ರದ ಕಟ್ಟಡವೇ ಕುಸಿಯಿತು. ಈಚಿನ ವರ್ಷಗಳಲ್ಲಿ ಕ್ರುವಾ-ದೆ-ಬುಕೆ ಶಸ್ತ್ರಧಾರಿ ಗುಂಪುಗಳ ಹಾವಳಿಗೆ ಸಿಕ್ಕಿದೆ. ಬೇಗ ಮಾರಿಹೋಗುವುದನ್ನು ಬೇಗ ಕೊರೆಯುವುದು ಅಲ್ಲಿ ಹೊಟ್ಟೆಯ ಪ್ರಶ್ನೆ. ನನ್ನ ತಕರಾರು ಅವನೊಡನಲ್ಲ. ಹಲ್ಲಿಯನ್ನೂ ಸಿರೆನಳನ್ನೂ ಒಂದೇ ಉಸಿರಿನಲ್ಲಿ 'ಕಸದಿಂದ ರಸ' ಎಂದು ಕರೆದು, ಎರಡನ್ನೂ ನೋಡುವ ಶ್ರಮದಿಂದ ಪಾರಾಗುವ ನಮ್ಮೊಡನೆ.